ಹಡಗುಗಳು ಸುತ್ತಿ ಹೋದ ವರ್ಷದ ದ್ರಾಕ್ಷಿ

ಕಳೆದ ತಿಂಗಳು ಛತ್ರಪತಿ ಸಂಭಾಜಿನಗರದಲ್ಲಿ ಒಂದು ಹಣ್ಣಿನ ಅಂಗಡಿಯ ಮುಂದೆ ನಿಂತಿದ್ದೆ. ಮಳೆ ಆಗಷ್ಟೇ ಹಿಂದೆಗೆದಿತ್ತು. ನಾಸಿಕದ ತೋಟಗಳಲ್ಲಿ ದ್ರಾಕ್ಷಿ ಬಳ್ಳಿಗಳನ್ನು ಕತ್ತರಿಸಿ ಬೋಳು ಮಾಡಿ ಬಿಟ್ಟಿರುವ ಕಾಲ ಅದು, ಹಣ್ಣಿನ ಮಾತೇ ಇಲ್ಲ. ಅಂಗಡಿಯವನು ಒಳಗಿನಿಂದ ಒಂದು ರಟ್ಟಿನ ಡಬ್ಬಿ ತಂದು ಮುಚ್ಚಳ ಎತ್ತಿದ. ಮೇಲಿದ್ದ ಬಿಳಿ ಹಾಳೆಯನ್ನು ಸರಿಸಿದ್ದೇ ತಡ, ಬೆಂಕಿಕಡ್ಡಿ ಗೀರಿದಾಗ ಬರುವಂಥ ವಾಸನೆ ಮೂಗಿಗೆ ಹೊಡೆಯಿತು. ಅದು ಗಂಧಕ ಸವರಿದ ಹಾಳೆ. ಹಣ್ಣು ಹಡಗಿನಲ್ಲಿ ವಾರಗಟ್ಟಲೆ ಕೂತರೂ ಬೂಸಲು ಹಿಡಿಯದಿರಲಿ ಎಂದು ಡಬ್ಬಿಯೊಳಗೆ ಹೊದಿಸುವ ಹಾಳೆ. ಎಷ್ಟು ಸಾವಿರ ಡಬ್ಬಿಗಳಿಗೆ ನಾನು ಅದನ್ನು ಹೊದಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೈ ತಾನಾಗಿ ಮುಂದೆ ಹೋಯಿತು. ಅಂಗಡಿಯವನು ಮರಾಠಿಯಲ್ಲಿ ತಡೆದ: "ತಾಯೀ, ಬಾಹೇರಚಾ ಮಾಲ್ ಆಹೆ. ಹಾತ್ ಲಾವೂ ನಕಾ." ಹೊರದೇಶದ ಮಾಲು, ಕೈ ಹಚ್ಚಬೇಡಿ ಎಂದು. ನಾನು ಅಲ್ಲೇ ರಸ್ತೆಯಲ್ಲಿ ನಿಂತು ನಕ್ಕುಬಿಟ್ಟೆ. ಅವನು ಗಾಬರಿಯಾಗಿ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ. ಇದೇ ಮಾತನ್ನು ಹೇಳಿ ನನ್ನ ಜೊತೆ ದುಡಿಯುವ ನಾಗವ್ವ ಗಿರಾಕಿಯೊಬ್ಬನ ಕೈಗೆ ಹೊಡೆದದ್ದು, ಆ ವರ್ಷದ ಚಳಿ, ವೇರೂಳಿನ ಶಿವರಾತ್ರಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅವನಿಗೆ ಏನಂತ ಹೇಳಲಿ?

ನಾನು ಇಂಡಿ ತಾಲೂಕಿನವಳು. ಹತ್ತನೇ ತರಗತಿ ಅಲ್ಲೇ ಮುಗಿಸಿ, ಮದುವೆಯಾಗಿ ಗಂಡನ ಜೊತೆ ನಾಸಿಕಕ್ಕೆ ಬಂದೆ. ಅವನು ಕಟ್ಟಡದ ಮೇಸ್ತ್ರಿ. ನಾನೂ ಮೊದಲು ಅವನ ಹಿಂದೆ ಸೈಟಿನಲ್ಲೇ ದುಡಿದವಳು. ನಂತರ ದಿಂಡೋರಿ ರಸ್ತೆಯಲ್ಲಿ ರಾಜಾಭಾವು ಎಂಬ ತೋಟದ ಮಾಲೀಕರು ದ್ರಾಕ್ಷಿ ಡಬ್ಬಿ ತುಂಬುವ ಶೆಡ್ಡು ಹಾಕಿದಾಗ, ನಮ್ಮ ಕಡೆಯ ಹೆಂಗಸರನ್ನು ಕೂಡಿಸಿ ಒಂದು ಟೋಳಿ ಕಟ್ಟಿದೆ. ಟೋಳಿ ಅಂದರೆ ತಂಡ. ಅದರ ಯಜಮಾನಿಕೆ ನನ್ನದು, ಬೈಗುಳವೂ ನನ್ನದೇ. ನನ್ನ ಬಾಯಿ ಸ್ವಲ್ಪ ಜೋರು ಎಂದು ಗಂಡ ಹೇಳುತ್ತಾನೆ. ಸ್ವಲ್ಪ ಎಂದು ಅವನು ಭಯಕ್ಕೆ ಹೇಳುವುದು.

ನಮ್ಮ ಕೆಲಸ ನೋಡುವವರಿಗೆ ಸುಲಭ. ಪರದೇಶಕ್ಕೆ ಹೋಗುವ ಗೊಂಚಲನ್ನು ದೇಟು ಹಿಡಿದೇ ಎತ್ತಬೇಕು, ಹಣ್ಣಿಗೆ ಬೆರಳು ತಾಕಬಾರದು. ತಲೆಗೆ ಟೊಪ್ಪಿಗೆ, ಕೈಗೆ ಗವಸು. ಬಳೆ ತೆಗೆದಿಡಬೇಕು. ಮೊದಲ ವರ್ಷ ಈ ಬಳೆಯ ಮಾತಿಗೇ ಅರ್ಧ ಹೆಂಗಸರು ಎದ್ದು ಹೊರಟಿದ್ದರು, ಅವರನ್ನು ಕೂರಿಸಲು ನನ್ನ ಬಳೆಗಳನ್ನು ನಾನೇ ಮೊದಲು ತೆಗೆದೆ. ಚಿಕ್ಕ ಕತ್ತರಿಯಿಂದ ಸಣ್ಣ ಕಾಯಿ, ಒಡೆದ ಕಾಯಿ ತೆಗೆದು, ಗೊಂಚಲನ್ನು ಗಾಳಿಯಾಡುವಷ್ಟು ಸಡಿಲ ಮಾಡಿ, ಚೀಲಕ್ಕೆ ಇಳಿಸಿ, ಡಬ್ಬಿಯಲ್ಲಿ ಮಲಗಿಸಬೇಕು. ಹಣ್ಣಿನ ಮೇಲೆ ತೆಳ್ಳಗೆ ಒಂದು ಬಿಳಿ ಪುಡಿ ಇರುತ್ತದೆ, ಅದು ಹಣ್ಣೇ ತನ್ನ ಮೇಲೆ ಹೊದ್ದುಕೊಳ್ಳುವ ಪುಡಿ. ಅದು ಅಳಿಸಿದರೆ ಡಬ್ಬಿ ವಾಪಸು. ಮುಟ್ಟುವ ಹಾಗಿಲ್ಲ, ಅಂದಮೇಲೆ ತಿನ್ನುವ ಮಾತೆಲ್ಲಿ? ಇಷ್ಟು ವರ್ಷ ಡಬ್ಬಿ ತುಂಬಿದ ನಮ್ಮ ಟೋಳಿಯ ಎಷ್ಟೋ ಹೆಂಗಸರಿಗೆ ಆ ಹಣ್ಣಿನ ರುಚಿಯೇ ಗೊತ್ತಿರಲಿಲ್ಲ.

ಟೋಳಿಯಲ್ಲಿ ಎಲ್ಲರಿಗಿಂತ ಹಿರಿಯಳು ನಾಗವ್ವ. ಆ ಬಿಳಿ ಪುಡಿಗೆ ಅವಳು ಮೊದಲ ದಿನವೇ ಹಣ್ಣಿನ ವಿಭೂತಿ ಎಂದು ಹೆಸರಿಟ್ಟಳು. ಹಣೆಗೆ ತಾನು ಹಚ್ಚಿಕೊಳ್ಳುವ ವಿಭೂತಿಯನ್ನು ಯಾರೂ ಒರೆಸುವಂತಿಲ್ಲವಲ್ಲ, ಇದೂ ಹಾಗೆ ಎಂದು ಉಳಿದವರಿಗೆ ಹೇಳಿಕೊಟ್ಟಳು. ನಾನು ಗಂಟಲು ಹರಿದುಕೊಂಡು ಕಲಿಸಲಾಗದ್ದನ್ನು ಅವಳು ಒಂದೇ ಮಾತಿನಲ್ಲಿ ಕಲಿಸಿದ್ದು ನನಗೆ ಸ್ವಲ್ಪ ಹೊಟ್ಟೆಕಿಚ್ಚು ತಂದಿತು, ಸುಳ್ಳು ಯಾಕೆ ಹೇಳಲಿ.

ಈ ನಾಗವ್ವ ಅದಕ್ಕೆ ಮುಂಚೆ ಸೈಟಿನಲ್ಲಿ ಕಾಂಕ್ರೀಟು ಹೊರುತ್ತಿದ್ದವಳು. ಒಂದು ಮಧ್ಯಾಹ್ನ ತಲೆಯ ಮೇಲೆ ತುಂಬಿದ ಘಮೇಲಿ, ಅಂದರೆ ಕಬ್ಬಿಣದ ಬಾಂಡಲಿ, ಹೊತ್ತು ಹಲಗೆ ಏರುವಾಗ ಕಾಲು ಜಾರಿ ಬಿದ್ದಳು. ನಾನು ಅವಳ ಹಿಂದೆಯೇ ಇದ್ದೆ. ಸೊಂಟದ ಮೂಳೆ ಕೂಡಿತು, ಆದರೆ ನಡಿಗೆ ಮೊದಲಿನಂತಾಗಲಿಲ್ಲ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವಳು ಶೆಡ್ಡಿಗೆ ಬಂದ ದಿನ ನಾನು ಮನಸ್ಸಿನಲ್ಲಿ ಆಣೆ ಮಾಡಿಕೊಂಡಿದ್ದೆ, ಈ ಹೆಂಗಸು ಇನ್ನೊಮ್ಮೆ ಆ ಹಲಗೆ ಏರಬಾರದು. ಅವಳಿಗೆ ಮಾತ್ರ ನನ್ನ ಆಣೆಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆ ಕಬ್ಬಿಣದ ಘಮೇಲಿಯನ್ನು ತೊಳೆದು, ಎಣ್ಣೆ ಸವರಿ, ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಆ ವರ್ಷ ಹಂಗಾಮು ಚೆನ್ನಾಗಿಯೇ ಶುರುವಾಯಿತು. ಚಳಿ ಜೋರಾಗಿತ್ತು. ಬೆಳಗಿನ ಮಂಜಿನಲ್ಲಿ ಗೊಂಚಲು ಕೊಯ್ದು ತರುವಾಗ ಗವಸಿನೊಳಗೆ ಬೆರಳು ಮರಗಟ್ಟುತ್ತಿದ್ದವು. ಕಂಟೇನರುಗಳು ಬಂದು ನಿಲ್ಲುತ್ತಿದ್ದವು, ತುಂಬಿಕೊಂಡು ಬಂದರಿಗೆ ಹೋಗುತ್ತಿದ್ದವು. ಎಲ್ಲೋ ದೂರದ ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಿದೆ ಎಂದು ಟಿವಿಯಲ್ಲಿ ಬರುತ್ತಿತ್ತು. ನಾವು ಅದನ್ನು ನೋಡಿ ಚಾನೆಲ್ ಬದಲಿಸಿ ಧಾರಾವಾಹಿ ಹಾಕುತ್ತಿದ್ದೆವು. ಅದು ನಮ್ಮ ಮನೆಯ ಸುದ್ದಿ ಎಂದು ಯಾರಿಗೆ ಗೊತ್ತಿತ್ತು?

ಹಡಗುಗಳು ಹತ್ತಿರದ ದಾರಿ ಬಿಟ್ಟು ಇಡೀ ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಬಾಡಿಗೆ ಏರಿತು, ದಾರಿ ಉದ್ದವಾಯಿತು. ನಮ್ಮ ಹಣ್ಣು ಅಲ್ಲಿ ಮುಟ್ಟುವ ಹೊತ್ತಿಗೆ ಮೆತ್ತಗಾಗಿತ್ತು. ಅಲ್ಲಿಯ ಖರೀದಿದಾರರು ಮೂಗು ಮುರಿದರು. ಅದರ ಮೇಲೆ ಪಕ್ಕದ ದೇಶವೂ ನಮ್ಮ ದ್ರಾಕ್ಷಿಯ ಮೇಲೆ ಸುಂಕ ಏರಿಸಿ ಕೂತಿತ್ತು, ಆ ಕಡೆಗೆ ಲಾರಿಯಲ್ಲಿ ಹೋಗುತ್ತಿದ್ದ ಮಾಲೂ ಗಡಿಯ ಈಚೆಗೇ ಉಳಿಯಿತು. ಒಂದು ಬೆಳಿಗ್ಗೆ ರಾಜಾಭಾವು ಶೆಡ್ಡಿಗೆ ಬಂದು, ಖಾಲಿ ಡಬ್ಬಿಗಳ ರಾಶಿಯ ಮೇಲೆ ಕೂತರು. "ಕಸ್ತೂರಬಾಯಿ, ಬಂದ್. ಇನ್ನು ಕಂಟೇನರ್ ಬರೋದಿಲ್ಲ" ಎಂದರು. ಮರಾಠಿಯಲ್ಲಿ ಹೇಳಿದರು, ಆದರೆ ಅವರ ಮುಖ ನೋಡಿಯೇ ಎಲ್ಲ ಹೆಂಗಸರಿಗೂ ಅರ್ಥವಾಯಿತು.

ಬಳ್ಳಿಯ ಮೇಲೆ ಹಣ್ಣು ಹಾಗೇ ಇತ್ತು. ಸಾಹುಕಾರರ ತೋಟದ್ದೂ ಇತ್ತು, ಬಡವರ ತೋಟದ್ದೂ ಇತ್ತು. ಮೊದಲೆಲ್ಲ ಒಳ್ಳೆಯದು ಹಡಗು ಹತ್ತುತ್ತಿತ್ತು, ಉಳಿದದ್ದು ನಮ್ಮ ಪೇಟೆಗೆ ಬರುತ್ತಿತ್ತು, ಎರಡರ ದಾರಿಯೂ ಬೇರೆ. ಈಗ ಎರಡೂ ಒಂದೇ ಬಾಗಿಲಿಗೆ ನುಗ್ಗಿದವು. ನಾಸಿಕದ ಪೇಟೆಯಲ್ಲಿ ದರ ಇಳಿಯಿತು, ಮರುದಿನ ಇನ್ನೂ ಇಳಿಯಿತು. ಪರದೇಶದ ಮುಖ ನೋಡಬೇಕಿದ್ದ ಗೊಂಚಲು ಹುಲ್ಲಿನಷ್ಟು ಅಗ್ಗವಾಗಿ ರಸ್ತೆಯಲ್ಲಿ ಬಿತ್ತು, ಅದರ ಪಕ್ಕದಲ್ಲಿ ಸಾಧಾರಣ ಗೊಂಚಲನ್ನು ಕೇಳುವವರೇ ಇಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಮ್ಮ ವಸತಿಯ ಮಕ್ಕಳು ಹೊಟ್ಟೆ ತುಂಬ ದ್ರಾಕ್ಷಿ ತಿಂದರು. ಅಂಗಿಯ ಮೇಲೆಲ್ಲ ರಸ ಸುರಿಸಿಕೊಂಡು ತಿನ್ನುವುದನ್ನು ನೋಡಿ ನನಗೆ ಸಂತೋಷವಾಯಿತು. ಆದರೆ ಆ ಮಕ್ಕಳ ತಾಯಂದಿರೇ ಕೆಲಸ ಕಳೆದುಕೊಂಡ ನನ್ನ ಟೋಳಿಯವರು.

ರಾಜಾಭಾವು ತೋಟವನ್ನು ಪೇಟೆಯ ವ್ಯಾಪಾರಿಗೆ ಒಪ್ಪಿಸಲು ಹೊರಟಿದ್ದರು. ಆ ವ್ಯಾಪಾರಿಯ ಗಂಡಾಳುಗಳು ಬಂದು, ಕಸಕಸ ಕತ್ತರಿಸಿ, ಕ್ರೇಟಿಗೆ ತುಂಬಿ ಲಾರಿ ಹೇರುತ್ತಾರೆ. ಅದಕ್ಕೆ ಗವಸು ಬೇಡ, ಟೊಪ್ಪಿಗೆ ಬೇಡ, ನಾವೂ ಬೇಡ. ಈ ಸುದ್ದಿ ಹೇಗೆ ಹಾರಿತೋ ಏನೋ, ಮರುದಿನವೇ ಮುಕಾದಮ ಭೀಮರಾಯ ನಮ್ಮ ವಸತಿಯ ಮುಂದೆ ಹಾಜರು. ಅವನೂ ನಮ್ಮ ಕಡೆಯವನೇ, ಸೈಟುಗಳಿಗೆ ಆಳು ಒದಗಿಸುವವನು.

"ಸಂಭಾಜಿನಗರದಾಗ ದೊಡ್ಡ ಕಾರ್ಖಾನಿ ಏಳಾಕತ್ತೈತಿ ಕಸ್ತೂರಕ್ಕ. ಸ್ಲ್ಯಾಬ್ ಹಾಕೂದೈತಿ. ಹೆಣ್ಮಕ್ಕಳು ಎಷ್ಟು ಮಂದಿ ಬಂದ್ರೂ ಬೇಕು" ಎಂದ.

"ನಮ್ಮ ಹಂಗಾಮ ಇನ್ನೂ ಮುಗದಿಲ್ಲ" ಎಂದೆ ನಾನು.

"ಹಂಗಾಮ ಮುಗದಿಲ್ಲ, ಕೆಲಸ ಮುಗದೈತಲ್ಲ. ಶಿವರಾತ್ರಿ ಮಟಾ ನೋಡ್ತೀನಿ. ಆಮ್ಯಾಲೆ ಬಿಹಾರದವ್ರನ್ನ ತುಂಬ್ಕೋತೀನಿ, ಮತ್ತ ನನಗ ಅನಬ್ಯಾಡ್ರಿ."

ಟೋಳಿಯ ಇಬ್ಬರು ಅಂದೇ ಗಂಟು ಕಟ್ಟಿದರು. ನಾನು ಅವರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಸುಮ್ಮನೆ ಕೇಳಿಸಿಕೊಂಡು, ನನ್ನ ಕಾಲು ಮುಟ್ಟಿ ಹೋದರು. ಅದು ಇನ್ನೂ ಕೆಟ್ಟದಾಗಿತ್ತು.

ಉಳಿದವರನ್ನು ಹೇಗಾದರೂ ಹಿಡಿದಿಡಬೇಕು ಎಂದು ಆಗ ಹಟ ಹುಟ್ಟಿತು. ನಾನು ರಾಜಾಭಾವು ಮನೆಗೆ ಹೋಗಿ, ಒಂದು ಟೆಂಪೋ ತುಂಬ ಹಣ್ಣು ಕೊಡಿ, ನಮ್ಮ ಪದ್ಧತಿಯಲ್ಲೇ ಡಬ್ಬಿ ತುಂಬುತ್ತೇವೆ, ನಾನೇ ಒಯ್ದು ಮಾರುತ್ತೇನೆ ಎಂದೆ. ಅವರು ಎಲ್ಲಿ ಮಾರುತ್ತೀಯ ಎಂದು ಕೇಳಿದರು. ಘೋಟಿಯ ಹೆದ್ದಾರಿಯಲ್ಲಿ ಮುಂಬಯಿ ಕಾರುಗಳಿಗೆ ಮಾರುವವರು ಆಗಲೇ ಸಾಲುಗಟ್ಟಿ ನಿಂತಿದ್ದರು. ನನಗೆ ಗೊತ್ತಿದ್ದದ್ದು ಸಂಭಾಜಿನಗರ. ಅಲ್ಲಿ ನನ್ನ ಗಂಡ ಅಡುಗೆಮನೆ ಕಟ್ಟಿಕೊಟ್ಟಿದ್ದ ಒಂದು ಉಡುಪಿ ಹೋಟೆಲಿತ್ತು. ಅಲ್ಲಿಗೆ ಹತ್ತಿರದ ವೇರೂಳಿನ ಘೃಷ್ಣೇಶ್ವರ ಗುಡಿಯ ದಾರಿಯಲ್ಲಿ ನನ್ನ ಚಿಗವ್ವ, ತಾಯಿಯ ತಂಗಿ ಶಾಂತವ್ವ, ಹೂ ಹಣ್ಣಿನ ಅಂಗಡಿ ಇಟ್ಟುಕೊಂಡಿದ್ದಳು. ರಾಜಾಭಾವು ಕೈ ಕೊಡವಿದರು. "ಹೇಗೂ ಅಗ್ಗಕ್ಕೆ ಹೋಗೋದೇ. ಒಯ್ಯಿ" ಎಂದರು. ಅದು ನಂಬಿಕೆ ಅಲ್ಲ, ಬೇಸರ. ನನಗೆ ಅಷ್ಟೇ ಸಾಕಾಗಿತ್ತು.

ಟೆಂಪೋ ಹತ್ತುವಾಗ, ನನ್ನ ಜೊತೆ ಹೊರಟ ನಾಗವ್ವನ ಕಂಕುಳಲ್ಲಿ ಘಮೇಲಿ ಕಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅದನ್ನ ಯಾಕ ತಂದಿ?"

"ಭೀಮರಾಯನ ಸೈಟು ಅಲ್ಲೇ ಐತೆಲ್ಲ. ಹಣ್ಣು ಹೋಗಲಿಲ್ಲಂದ್ರ ಮತ್ತ ಇಲ್ಲೀಮಟಾ ಬಂದು ಒಯ್ಯೂದು ಯಾಕ?" ಎಂದಳು, ಸಂತೆಗೆ ಚೀಲ ತಂದಷ್ಟು ಸಹಜವಾಗಿ.

ದಾರಿಯುದ್ದಕ್ಕೂ ಟೆಂಪೋ ಕುಲುಕಿದಾಗಲೆಲ್ಲ ಆ ಘಮೇಲಿ ಡಬ್ಬಿಗೆ ತಾಗಿ ಠಣ್ ಎನ್ನುತ್ತಿತ್ತು.

ಸಂಭಾಜಿನಗರದ ಹಣ್ಣಿನ ಪೇಟೆಯಲ್ಲಿ ಒಬ್ಬ ದಲಾಲಿ ನಮ್ಮ ಡಬ್ಬಿ ಬಿಚ್ಚಿಸಿ ಗೊಂಚಲು ಎತ್ತಿ ನೋಡಿದ. ಇಷ್ಟು ಬಿಡಿಬಿಡಿಯಾಗಿ ಯಾಕಿದೆ, ಬಳ್ಳಿಗೆ ರೋಗ ಬಂದಿತ್ತೇ ಎಂದು ಕೇಳಿದ. ನಮ್ಮ ಪೇಟೆಯ ಕಣ್ಣಿಗೆ ಗಿಡಿದು ತುಂಬಿದ ಗೊಂಚಲೇ ಚೆಂದ. ಆಮೇಲೆ ಹೆಬ್ಬೆರಳಿನಿಂದ ಒಂದು ಹಣ್ಣನ್ನು ಉಜ್ಜಿ, ಬಿಳಿ ಪುಡಿಯನ್ನು ನನ್ನ ಕಣ್ಣ ಮುಂದೆ ಹಿಡಿದು, "ಔಷಧಿ ತೊಳೆದೂ ಇಲ್ಲ" ಎಂದ. ನಾಗವ್ವ ಆ ಬೆರಳನ್ನೇ ನೋಡುತ್ತಿದ್ದಳು, ಯಾರೋ ಅವಳ ಹಣೆ ಒರೆಸಿದ ಹಾಗೆ. ಅವನು ಹೇಳಿದ ದರಕ್ಕೆ ಕೊಡುವುದಕ್ಕಿಂತ ದನಕ್ಕೆ ಹಾಕುವುದು ಮೇಲು ಎಂದು ನಾನು ಡಬ್ಬಿ ಮುಚ್ಚಿದೆ.

ಅಲ್ಲಿಂದ ಉಡುಪಿ ಹೋಟೆಲಿಗೆ ಹೋದೆವು. ಮಾಲೀಕರು ವಾಸಣ್ಣ, ಕುಂದಾಪುರದ ಕಡೆಯವರು. ಗಲ್ಲಾದಲ್ಲಿ ಕೂತವರ ಮುಖ ಅರಳಿತ್ತು. ಗೋಡೆಯ ಮೇಲೆ ದ್ರಾಕ್ಷಿ ಜ್ಯೂಸಿನ ಹೊಸ ಬೋರ್ಡು.

"ಬನ್ನಿ ಬನ್ನಿ. ಎಂತ ಮಾರಾಯ್ತಿ, ಈ ವರ್ಷ ದ್ರಾಕ್ಷಿ ಮಳೆ ಬಿದ್ದ ಹಾಗೆ ಬಿದ್ದಿದೆ! ನಾನು ಜ್ಯೂಸಿನ ರೇಟು ಇಳಿಸಿದೆ, ಜನ ಮುಗಿಬಿದ್ದು ಕುಡೀತಿದ್ದಾರೆ" ಎಂದರು.

"ನಿಮಗ ಮಳೆ, ನಮಗ ಗುಡುಗು ವಾಸಣ್ಣ" ಎಂದೆ.

ಅವರಿಗೆ ನಾಚಿಕೆಯಾಯಿತು. ತಣ್ಣಗೆ ಎದ್ದು ಬಂದು ನಮಗೆ ತಾವೇ ಇಡ್ಲಿ ಬಡಿಸಿದರು. "ನಿಮ್ಮ ನಷ್ಟದ ಮೇಲೆ ನನ್ನ ಗ್ಲಾಸು ತುಂಬ್ತಾ ಉಂಟು, ಅದು ಸುಳ್ಳಲ್ಲ. ಆದ್ರೆ ನಾನು ನಿಮ್ಮ ಡಬ್ಬಿ ತಗೊಂಡ್ರೆ ಜ್ಯೂಸಿಗೇ ಹಾಕಬೇಕು. ಇಷ್ಟು ಚಂದದ್ದನ್ನು ಮಿಕ್ಸಿಗೆ ಹಾಕಿದ್ರೆ ನನಗೆ ಪಾಪ ಬರ್ತದೆ. ಮಲಗುವುದಕ್ಕೆ ಮೇಲಿನ ಕೋಣೆ ಉಂಟು, ಹಂಗಾಮು ಮುಗಿಯುವವರೆಗೆ ಇರಿ" ಎಂದರು. ವ್ಯಾಪಾರ ಆಗಲಿಲ್ಲ, ಆದರೆ ಇರಲು ಜಾಗ ಸಿಕ್ಕಿತು.

ಮರುದಿನ ದೌಲತಾಬಾದ್ ಕೋಟೆ ದಾಟಿ ವೇರೂಳಿಗೆ ಹೋದೆವು. ಶಿವರಾತ್ರಿ ಇನ್ನೇನು ಬಂದೇಬಿಟ್ಟಿತ್ತು. ಗುಡಿಯ ದಾರಿಯಲ್ಲಿ ಬಿಲ್ವಪತ್ರೆ, ಬೇಲದ ಹಣ್ಣು, ಹಾಲಿನ ಪೊಟ್ಟಣಗಳ ಅಂಗಡಿಗಳು. ಶಾಂತವ್ವನ ಅಂಗಡಿಯ ಪಕ್ಕದಲ್ಲೇ ನಾವು ಒಂದು ಮೇಜು ಹಾಕಿ, ಡಬ್ಬಿ ಜೋಡಿಸಿ, ಅಭ್ಯಾಸದಂತೆ ಟೊಪ್ಪಿಗೆ ಹಾಕಿಕೊಂಡು ಗವಸು ತೊಟ್ಟು ನಿಂತೆವು. ಮೊದಲು ಬಂದ ಅಜ್ಜ ಅಂಗಿಯ ತೋಳು ಮಡಚಿ, ಇಲ್ಲಿ ಲಸಿಕೆ ಹಾಕುತ್ತೀರಾ ಎಂದು ಕೇಳಿದ. ಆಮೇಲೆ ಬಂದವನು ಒಬ್ಬ ದಪ್ಪ ಗೃಹಸ್ಥ, ಹೆಂಡತಿ ಮಕ್ಕಳ ಜೊತೆ. ಎಲ್ಲರೂ ಮಾಡುವಂತೆ ಅವನೂ ರುಚಿ ನೋಡಲು ಗೊಂಚಲಿನಿಂದ ಒಂದು ಹಣ್ಣು ಕೀಳಲು ಕೈ ಹಾಕಿದ. ಫಟ್ ಎಂದು ಸದ್ದು. ನಾಗವ್ವ ಅವನ ಮುಂಗೈಗೆ ಹೊಡೆದಿದ್ದಳು.

"ಹಾತ್ ಲಾವೂ ನಕಾ!"

ಶೆಡ್ಡಿನಲ್ಲಿ ಹೊಸಬರ ಕೈಗೆ ಅವಳು ಹೊಡೆಯುವ ರೀತಿಯೇ ಅದು. ಗಿರಾಕಿ ಎಂಬುದೇ ಅವಳ ತಲೆಗೆ ಬಂದಿರಲಿಲ್ಲ. ಇಷ್ಟು ವರ್ಷ ನಾವು ಹಣ್ಣು ತುಂಬಿದ್ದೆವೇ ಹೊರತು ತಿನ್ನುವವರ ಮುಖ ಒಮ್ಮೆಯೂ ನೋಡಿರಲಿಲ್ಲ. ಅವನು ಕೂಗಾಡಿದ, ಜನ ಸೇರಿದರು, ನಾನು ಕೈ ಮುಗಿದು ಕ್ಷಮೆ ಕೇಳಿದೆ. ಅಷ್ಟಾದರೂ ಮುಂದಿನ ಗಿರಾಕಿ ಕೈ ಚಾಚಿದಾಗ ನನ್ನ ಕೈಯೇ ಅಡ್ಡ ಹೋಯಿತು. ಏನು ಮಾಡುವುದು, ಕೈಗೆ ಅದೇ ಪಾಠ. ಮಧ್ಯಾಹ್ನದವರೆಗೆ ಡಬ್ಬಿಗಳ ರಾಶಿ ಕರಗಲಿಲ್ಲ.

ಸೋತು ನಾನು ದರ ಇಳಿಸಿ ಕೂಗತೊಡಗಿದೆ. ಎರಡನೇ ಕೂಗಿಗೆ ಶಾಂತವ್ವ ಎದ್ದು ಬಂದಳು. ಅವಳು ದೌಲತಾಬಾದ್ ಹತ್ತಿರದ ಸಣ್ಣ ತೋಟವೊಂದರಿಂದ ಹಣ್ಣು ತಂದು ಮಾರುವವಳು. ಅವಳ ಬುಟ್ಟಿ ಬೆಳಗಿನಿಂದ ಅಲುಗಿರಲಿಲ್ಲ. ಬುಟ್ಟಿಯನ್ನು ತಂದು ನನ್ನ ಮೇಜಿನ ಮೇಲೆಯೇ ಕುಕ್ಕಿದಳು.

"ನೀ ನನ್ನ ಅಕ್ಕನ ಮಗಳು ಹೌದೋ ಅಲ್ಲೋ? ನಿಮ್ಮ ಹಡಗಿನ ಮಾಲು ಈಗಾಗಲೇ ಪ್ಯಾಟ್ಯಾಗ ನನ್ನ ಹೊಟ್ಟಿ ಮ್ಯಾಲೆ ಹೊಡದೈತಿ. ಈಗ ನೀನೂ ನನ್ನ ಬಾಗಲಕ ಬಂದು ಹೊಡೀತೀಯೇನ? ನೀ ಇಳಿಸಿದ್ರ ನಾ ಇಳಿಸ್ಬೇಕು. ನಾ ಇಳಿಸಿದ್ರ ಆ ತೋಟದಾಂವ ಎಲ್ಲಿಗೆ ಇಳೀಬೇಕು?"

ನಮಗೆ ಅನ್ಯಾಯ ಆಗಿದೆ ಎಂದು ಊರೆಲ್ಲ ಕೂಗುತ್ತ ಬಂದವಳು, ಬಂದ ಊರಿನಲ್ಲಿ ಅದನ್ನೇ ಮಾಡುತ್ತಿದ್ದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ನಾಗವ್ವ ಮೇಜಿನ ಕೆಳಗಿನಿಂದ ತನ್ನ ಘಮೇಲಿ ಎಳೆದು ಹೊರಗಿಟ್ಟಳು. ಹೊರಡುವ ಸಿದ್ಧತೆ.

ಅಷ್ಟರಲ್ಲಿ ಒಬ್ಬ ಮುದುಕಿ, ಒಂಬತ್ತು ಗಜದ ಸೀರೆಯವಳು, ಮೇಜಿನ ಮುಂದೆ ನಿಂತಳು. ಬೆಳಗಿನಿಂದ ಎದುರಿನ ಕಟ್ಟೆಯ ಮೇಲೆ ಕೂತು ನಮ್ಮ ತಮಾಷೆ ನೋಡುತ್ತಿದ್ದವಳು ಅವಳೇ. "ನೀವು ಯಾರಿಗೂ ಮುಟ್ಟಗೊಡೋದಿಲ್ಲವಲ್ಲ, ಆ ಹಣ್ಣು ಕೊಡಿ. ದೇವರಿಗೆ ಬೇಕು. ಬೇರೆ ಕಡೆ ಎಲ್ಲ ನಾಲ್ಕು ಜನ ಕಿತ್ತು ತಿಂದು ಬಿಟ್ಟ ಎಂಜಲು ಗೊಂಚಲೇ ಸಿಗುತ್ತೆ" ಎಂದಳು ಮರಾಠಿಯಲ್ಲಿ. ಹಣ್ಣಿನ ಮೇಲಿನ ಬಿಳಿ ಪುಡಿ ನೋಡಿ ಅವಳು ಒಂದು ಕ್ಷಣ ಅನುಮಾನಿಸಿದಳು. ನಾಗವ್ವ ತನ್ನ ಹರಕು ಮರಾಠಿಯಲ್ಲಿ, ಇದು ಔಷಧಿ ಅಲ್ಲ ಅಜ್ಜಿ, ಹಣ್ಣು ತಾನೇ ಹಚ್ಚಿಕೊಂಡ ವಿಭೂತಿ, ಬಳ್ಳಿಯಿಂದ ಇಲ್ಲಿಯವರೆಗೆ ಯಾರ ಬೆರಳೂ ತಾಕಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ ಎಂದಳು. ಮುದುಕಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡಳು. ದರ ಕೇಳಲೇ ಇಲ್ಲ.

ನಾನೂ ಶಾಂತವ್ವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಜಗಳ ಇನ್ನೂ ಅರ್ಧಕ್ಕೇ ನಿಂತಿತ್ತು. ಅವಳೇ ಮೊದಲು ಬಾಯಿ ಬಿಟ್ಟಳು.

"ಮುಚ್ಚಿದ್ದು ದೇವರಿಗಿ, ಬಿಚ್ಚಿದ್ದು ಮಕ್ಕಳಿಗಿ. ನೀ ನನಗಿಂತ ಮ್ಯಾಲಿನ ದರಕ್ಕ ಮಾರು, ಕೆಳಗ ಇಳೀಬ್ಯಾಡ. ದೇವರಿಗೆ ಒಯ್ದವ್ರು ಉಪಾಸಕ್ಕೂ ಒಯ್ತಾರ. ಅವ್ರನ್ನ ನನ್ನ ಬುಟ್ಟಿಗೆ ಕಳಸು."

"ಅವ್ರು ರುಚಿ ನೋಡಬೇಕಂದ್ರ?"

ಶಾಂತವ್ವ ಸುತ್ತಲೂ ನೋಡಿ, ನೆಲದ ಮೇಲಿದ್ದ ಘಮೇಲಿಯನ್ನು ಎತ್ತಿಕೊಂಡಳು. ತನ್ನ ಬುಟ್ಟಿಯಿಂದ ಉದುರಿದ ಹಣ್ಣನ್ನೆಲ್ಲ ತೊಳೆದು ಅದಕ್ಕೆ ಸುರಿದು, ಎರಡೂ ಅಂಗಡಿಗಳ ನಡುವೆ ಒಂದು ಕಲ್ಲಿನ ಮೇಲೆ ಇಟ್ಟಳು. ನಾಗವ್ವನನ್ನು ಯಾರೂ ಕೇಳಲಿಲ್ಲ. ಅವಳು ಮಾತ್ರ ಆ ಘಮೇಲಿಯ ಮೇಲೆ ಒಂದು ಕಣ್ಣು ಇಟ್ಟೇ ಇದ್ದಳು.

ಆ ಸಂಜೆ ನಾನು ರಾಜಾಭಾವುಗೆ ಫೋನು ಮಾಡಿ, ವ್ಯಾಪಾರಿಗೆ ಮಾತು ಕೊಡಬೇಡಿ, ಟೋಳಿಗೆ ಕತ್ತರಿ ಕೊಡಿ ಎಂದೆ. ಶಿವರಾತ್ರಿ ಮುಗಿದ ಮೇಲೆ ಏನು ಮಾಡುತ್ತೀಯ ಎಂದು ಅವರು ಕೇಳಿದರು. "ವಾರಕ್ಕೊಂದು ಸೋಮವಾರ ಬರುತ್ತದೆ ಭಾವು, ಅದನ್ನ ಯಾವ ದೇಶದವರೂ ಬಂದ್ ಮಾಡೋಕಾಗಲ್ಲ" ಎಂದೆ. ಆ ಕಡೆಯಿಂದ ಅವರು ನಕ್ಕದ್ದು ಕೇಳಿಸಿತು. ಎಷ್ಟೋ ದಿನಗಳ ಮೇಲೆ ನಕ್ಕಿದ್ದರು.

ಶಿವರಾತ್ರಿಯ ದಿನದ ಜನವನ್ನು ನಾನು ಹೇಗೆ ವರ್ಣಿಸಲಿ? ಗುಡಿಯಿಂದ ಹೆದ್ದಾರಿಯವರೆಗೆ ತಲೆಗಳೇ. ಎರಡು ಟೆಂಪೋ ಹಣ್ಣು ಬಂತು, ಜೊತೆಗೆ ಉಳಿದ ಹೆಂಗಸರೂ ಬಂದರು. ನಮ್ಮ ಟೊಪ್ಪಿಗೆ ಗವಸುಗಳೇ ಈಗ ಅಂಗಡಿಯ ಬೋರ್ಡು. ಮುಟ್ಟದ ಹಣ್ಣು ಎಲ್ಲಿ ಸಿಗುತ್ತದೆ ಎಂದು ಜನ ಕೇಳಿಕೊಂಡು ಬರುತ್ತಿದ್ದರು. ಯಾರಾದರೂ ಮರೆತು ಡಬ್ಬಿಗೆ ಕೈ ಹಾಕಿದರೆ ಸಾಲಿನಲ್ಲಿದ್ದ ಭಕ್ತರೇ ಗದರುತ್ತಿದ್ದರು, ನಾಗವ್ವನ ಕೈಗೆ ಬಿಡುವು. ಶಾಂತವ್ವನ ಬುಟ್ಟಿ ಮಧ್ಯಾಹ್ನಕ್ಕೇ ತಳ ಕಂಡಿತು, ಅವಳ ತೋಟದವನು ಇನ್ನೊಂದು ಬುಟ್ಟಿ ಹೊತ್ತು ಓಡಿಬಂದ. ವಾಸಣ್ಣ ಉಪವಾಸದ ತಟ್ಟೆಯಲ್ಲಿ ಇಡಲು ಶಾಂತವ್ವನ ಹಣ್ಣನ್ನೇ ತರಿಸಿಕೊಂಡರು, ಗಲ್ಲಾದ ಮೇಲೆ ನಮ್ಮ ಡಬ್ಬಿ ಇಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಭೀಮರಾಯ ಬಂದ. ದೇವರ ದರ್ಶನ ಮುಗಿಸಿ, ಹಣೆಗೆ ಗಂಧ ಹಚ್ಚಿಕೊಂಡು, ಸೀದಾ ನಮ್ಮ ಕಡೆಗೆ.

"ಏನ ನಾಗವ್ವಾ, ನಾಳೆ ಮುಂಜಾನಿ ಗಾಡಿ ಹೊಂಟೈತಿ. ನಿನ್ನ ಘಮೇಲಿ ತಂದೀಯಂತ ಕೇಳಿದ್ನಿ?"

ನನ್ನ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ನಾನು ಎಷ್ಟು ಹಟ ಹಿಡಿದರೂ, ಹೋಗುತ್ತೇನೆ ಎಂದು ಅವಳು ಒಂದು ಮಾತು ಅಂದರೆ ತಡೆಯುವ ಹಕ್ಕು ನನಗಿರಲಿಲ್ಲ. ನಾಗವ್ವ ಗಿರಾಕಿಯೊಬ್ಬಳಿಗೆ ಡಬ್ಬಿ ಕೊಟ್ಟು ಮುಗಿಸಿದಳು. ನಿಧಾನಕ್ಕೆ ಸೊಂಟದ ಮೇಲೆ ಕೈ ಇಟ್ಟು ತಿರುಗಿದಳು. ಕಲ್ಲಿನ ಮೇಲೆ ಘಮೇಲಿ ಇತ್ತು, ಹಣ್ಣು ತುಂಬಿ, ಸುತ್ತ ಮಕ್ಕಳ ಕೈಗಳು.

"ತಂದೀನಪ್ಪ. ಆದ್ರ ಅದು ಖಾಲಿ ಇಲ್ಲ ನೋಡು" ಎಂದಳು.

ಭೀಮರಾಯ ಒಂದು ಕ್ಷಣ ನೋಡಿದ. ಬಗ್ಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಸಿಹಿ ಐತಿ ಎಂದು ಹೇಳಿ ಹೋದ. ನಾನು ಮೇಜಿನ ಹಿಂದೆ ಕುಸಿದು ಕೂತು ಅತ್ತೆ. ಗವಸಿನಿಂದ ಕಣ್ಣು ಒರೆಸಿಕೊಂಡೆ, ಆ ಗವಸು ದಂಡ ಎಂದು ನಾಗವ್ವ ಬೈದಳು.

ಆ ಹಂಗಾಮಿನ ಹಣ್ಣೆಲ್ಲ ವೇರೂಳಿನಲ್ಲಿ ಖರ್ಚಾಯಿತು ಎಂದರೆ ಸುಳ್ಳಾಗುತ್ತದೆ. ತೋಟದ ಒಂದು ಭಾಗ ಕೊನೆಗೆ ಆ ವ್ಯಾಪಾರಿಯ ಕ್ರೇಟಿಗೇ ಹೋಯಿತು, ರಾಜಾಭಾವು ಆ ವರ್ಷ ಕೈ ಸುಟ್ಟುಕೊಂಡದ್ದೂ ನಿಜ. ಹೋದ ಇಬ್ಬರು ಹೆಂಗಸರಲ್ಲಿ ಒಬ್ಬಳು ತಿರುಗಿ ಬಂದಳು, ಇನ್ನೊಬ್ಬಳು ಬರಲಿಲ್ಲ. ಆದರೆ ಸೋಮವಾರ ತಪ್ಪದೆ ಟೆಂಪೋ ಹೋಯಿತು, ಟೋಳಿ ಒಡೆಯಲಿಲ್ಲ. ಕೊನೆಯ ದಿನ ಶೆಡ್ಡಿನಲ್ಲಿ ಉಳಿದ ಒಂದು ಗೊಂಚಲನ್ನು ನಾಗವ್ವ ಬರಿಗೈಯಲ್ಲಿ ಎತ್ತಿ, ವಿಭೂತಿ ಒರೆಸಿ, ನಮ್ಮೆಲ್ಲರ ಬಾಯಿಗೆ ಒಂದೊಂದು ಹಣ್ಣು ಹಾಕಿದಳು. ಈಗ ಹಡಗುಗಳು ಮತ್ತೆ ನಮ್ಮ ಡಬ್ಬಿ ಒಯ್ಯುತ್ತವೆ. ಆದರೂ ರಾಜಾಭಾವು ಕೆಲವು ಸಾಲುಗಳನ್ನು ನಮ್ಮ ಪೇಟೆಗೆಂದೇ ಬಿಡುತ್ತಾರೆ. ಸಮುದ್ರ ಯಾವಾಗ ಮುನಿಯುತ್ತದೆ ಎಂದು ಯಾರಿಗೆ ಗೊತ್ತು?

ಅದೆಲ್ಲ ಆ ಅಂಗಡಿಯ ಮುಂದೆ ನೆನಪಾಯಿತು. ನಾನು ಅಲ್ಲಿಂದಲೇ ನಾಗವ್ವನಿಗೆ ಫೋನು ಮಾಡಿದೆ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ, ಹಾಗಾಗಿ ಇಡೀ ರಸ್ತೆಗೆ ಕೇಳುವಂತೆ ಕೂಗಬೇಕಾಯಿತು.

"ನಾಗವ್ವಾ, ಪರದೇಶದ ದ್ರಾಕ್ಷಿ ನಮ್ಮ ಪ್ಯಾಟಿಗೆ ಬಂದೈತಿ!"

ಶಾಂತವ್ವ ಅಂದು ನನ್ನನ್ನು ಬೈದ ಹಾಗೆ ಇವಳೂ ಆ ಹಣ್ಣನ್ನು ಬೈಯುತ್ತಾಳೆ ಎಂದುಕೊಂಡೆ.

"ದೇಟು ಹೆಂಗ ಕತ್ತರಿಸ್ಯಾರ, ನೋಡು" ಎಂದಳು.

ಅಂಗಡಿಯವನನ್ನು ಒಪ್ಪಿಸಿ ಹತ್ತಿರ ಬಗ್ಗಿ ನೋಡಿದೆ. ನೀಟಾಗಿ, ಒಂದೇ ಏಟಿಗೆ ಕತ್ತರಿಸಿದ್ದರು. ಗೊಂಚಲಿನೊಳಗೆ ಕಾಯಿ ತೆಗೆದ ಗುರುತುಗಳು. ಬಿಳಿ ಪುಡಿ ಒಂದು ಚೂರೂ ಅಳಿಸಿರಲಿಲ್ಲ. ಎಲ್ಲವನ್ನೂ ಅವಳಿಗೆ ಹೇಳಿದೆ.

"ಹಂಗಾರ ಅಲ್ಲೂ ಯಾವಾಕಿನೋ ಒಬ್ಬಾಕಿ ಘಮೇಲಿ ಕೆಳಗ ಇಟ್ಟಾಳ" ಎಂದಳು ನಾಗವ್ವ. ಆಮೇಲೆ ಗಂಟಲು ಸರಿಮಾಡಿಕೊಂಡು, "ಒಂದು ಡಬ್ಬಿ ತಗೊಂಡು ಬಾ. ಅಕಿ ಕೈ ಹೆಂಗೈತಿ ತಿಂದು ನೋಡೂಣು. ಮಾಘದಾಗ ಅಕಿಗೆ ನಮ್ಮ ಕೈ ತೋರಸೂಣು" ಎಂದಳು.